ಸೂಜಿ ಬೀರುವಿನ ಹಾಳೆ

ಶುಕ್ರವಾರ, ಮಧ್ಯಾಹ್ನ

ಮೂರನೇ ಲೈನಿನ ಸೂಪರ್‌ವೈಸರ್ ಮೇಡಂ ಅವರಿಗೆ,

ಒಂಬತ್ತು ವರ್ಷ ಪಕ್ಕದ ಮಿಷನ್ನಿನಲ್ಲಿ ಕೂತು ‘ಏನೇ’ ಎಂದು ಕರೆದವಳು ನಾನು. ಆದರೂ ‘ಮೇಡಂ’ ಎಂದು ಬರೆಯಲು ಕಷ್ಟವೇನೂ ಆಗಲಿಲ್ಲ. ಇನ್ನು ಮುಂದೆ ಮಾತ್ರ ನೀನು ಎಂದೇ ಬರೆಯುತ್ತೇನೆ. ಬಹುವಚನದಲ್ಲಿ ಬೈದರೆ ನನಗೆ ತೃಪ್ತಿಯಾಗುವುದಿಲ್ಲ.

ನೀನು ಕಳಿಸಿದ ಹಣ್ಣಿನ ಚೀಲವನ್ನು ತಂಗಿ ನಿಮ್ಮಲ್ಲೇ ಪ್ಯಾಕಿಂಗ್ ಕೆಲಸ ಮುಗಿಸಿ ಬರುವಾಗ ತಂದುಕೊಟ್ಟಳು. ಹಣ್ಣು ಮಕ್ಕಳು ತಿಂದರು, ಅವಕ್ಕೇನು ಗೊತ್ತು ನಮ್ಮ ಜಗಳ. ಜೊತೆಗೆ ಬಂದ ಮಾತು ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ನಾನು ಗರ್ಭಕೋಶ ತೆಗೆಸಲು ಒಪ್ಪಿ, ಸೋಮವಾರ ಡಾಕ್ಟರ ಚೀಟಿ ತಂದರೆ ಮ್ಯಾನೇಜರು ನನ್ನ ಹಳೇ ಜಾಗ ಮತ್ತೆ ಗೊತ್ತುಮಾಡಿ ಇಡುತ್ತಾರಂತೆ. ಹೇಗೂ ಎರಡು ಮಕ್ಕಳಾಗಿವೆ, ಇನ್ನು ಅದನ್ನಿಟ್ಟುಕೊಂಡು ಏನು ಮಾಡುತ್ತಾಳೆ ಎಂದೆಯಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರನ್ನು ಎಲ್ಲಾದರೂ ಕಂಡಿದ್ದೀಯಾ?

ಡಾಕ್ಟರಮ್ಮ ನನಗೆ ಹೇಳಿದ್ದು ಬೇರೆ. ಇದು ಹಾರ್ಮೋನಿನ ಏರುಪೇರು, ಅದಕ್ಕೇ ತಿಂಗಳಿಗೆ ಎರಡು ಸಲ ಮುಟ್ಟಾಗುವುದು, ಒಮ್ಮೊಮ್ಮೆ ಹತ್ತು ದಿನ ಬಿಡದೆ ಹೋಗುವುದು. ರಕ್ತ ಏಳಕ್ಕಿಳಿದಿದೆ, ಅದಕ್ಕೇ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಮೂರು ತಿಂಗಳು ಮಾತ್ರೆ ನುಂಗಿ ನೋಡೋಣ, ಆಪರೇಷನ್ ಯಾಕೆ ಎಂದರು. ಡೇಟಿಗೆ ಮೊದಲಿನ ವಾರ ಸುಮ್ಮಸುಮ್ಮನೆ ಸಿಡುಕುವುದೂ ಅದರದ್ದೇ ಆಟವಂತೆ. ಈ ಪತ್ರವನ್ನೂ ನೀನು ಆ ಲೆಕ್ಕಕ್ಕೆ ಸೇರಿಸಬೇಡ. ಈ ವಾರ ನಾನು ಆರಾಮಾಗಿದ್ದೇನೆ, ಈ ಸಿಟ್ಟಿಗೆ ಕಾರಣ ನೀನೇ.

ಇಷ್ಟಕ್ಕೆಲ್ಲ ಮೂಲವಾದ ಆ ಹಾಳೆ ಹುಟ್ಟಿದ್ದು ನಿನ್ನ ತಲೆಯಲ್ಲೇ. ಗಂಟೆಗೆ ಎಪ್ಪತ್ತು ಕಾಲರ್ ಹೊಲಿಯಬೇಕು, ಹೊಟ್ಟೆನೋವಿನ ದಿನ ಯಾರ ಕೈಯೂ ಐವತ್ತು ದಾಟದು. ಬಾತ್‌ರೂಮಿಗೆ ಎರಡು ಸಲ ಎದ್ದರೆ ಹಳೇ ಸೂಪರ್‌ವೈಸರ್ ಸೀಟಿ ಊದುತ್ತಿದ್ದ. ಆಗ ನೀನು ಸೂಜಿ ಇಡುವ ಬೀರುವಿನ ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಸಾಲು ಬರೆದೆ. ಅವರವರ ದಿನಕ್ಕೆ ಅವರವರೇ ಚುಕ್ಕೆ ಇಡಬೇಕು, ಚುಕ್ಕೆ ಇದ್ದವಳು ಹೊಲಿದ ಕಟ್ಟಿನೊಳಕ್ಕೆ ಅಕ್ಕಪಕ್ಕದವರು ತಮ್ಮ ಕಾಲರ್ ಸೇರಿಸಬೇಕು. ಮೆಕ್ಯಾನಿಕ್ಕು ದಿನಕ್ಕೆ ಹತ್ತು ಸಲ ಆ ಬೀರು ತೆಗೆಯುತ್ತಿದ್ದ, ಮುರಿದ ಸೂಜಿಗಳ ಪಟ್ಟಿ ಎಂದುಕೊಂಡಿದ್ದ. ಎಷ್ಟು ಸೂಜಿ ಮುರೀತೀರಮ್ಮ ಎಂದು ಅವನು ಗೊಣಗಿದಾಗ ನಾವು ಬಿದ್ದು ಬಿದ್ದು ನಕ್ಕಿದ್ದೆವು. ಎಲ್ಲರಿಗಿಂತ ಹೆಚ್ಚು ಚುಕ್ಕೆ ನನ್ನ ಸಾಲಿನಲ್ಲಿ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಕಟ್ಟಿಗೆ ಸೇರಿದ್ದು ನಿನ್ನ ಕಾಲರ್. ಆ ಋಣ ಮರೆತಿಲ್ಲ, ಮರೆಯಲಾಗದ್ದಕ್ಕೇ ಇಷ್ಟು ಹೊಟ್ಟೆ ಉರಿಯುತ್ತದೆ.

ನೀನು ಸೂಪರ್‌ವೈಸರ್ ಆದ ವಾರವೇ ಹಾಳೆ ಕಿತ್ತು ಮ್ಯಾನೇಜರ ಮೇಜಿನ ಮೇಲಿಟ್ಟೆ. ನಮ್ಮ ಕಷ್ಟ ಕಣ್ಣಾರೆ ಕಂಡರೆ ಆ ದಿನಗಳಲ್ಲಿ ಟಾರ್ಗೆಟ್ ಇಳಿಸುತ್ತಾರೆ ಎಂದೆ. ಹೋಗು, ತೋರಿಸು ಎಂದು ಹುರಿದುಂಬಿಸಿದವಳು ನಾನೇ, ಒಪ್ಪಿಕೊಳ್ಳುತ್ತೇನೆ. ಅವರು ಆಸೆಪಟ್ಟು ಓದಿದರು. ಮುಂದಿನ ತಿಂಗಳು ಮಾಲು ಕಳಿಸುವ ವಾರದಲ್ಲಿ ಯಾರ್ಯಾರ ದಿನ ಬೀಳುತ್ತಿತ್ತೋ ಅವರನ್ನೆಲ್ಲ ಮಿಷನ್ನಿನಿಂದ ಎಬ್ಬಿಸಿ ದಾರ ಕತ್ತರಿಸಲು ನಿಲ್ಲಿಸಿದರು. ನನ್ನನ್ನು ಒಳಗೆ ಕರೆಸಿದರು.

“ನಿನ್ನ ಚುಕ್ಕೆಗೆ ಒಂದು ಕ್ರಮಾನೇ ಇಲ್ವಲ್ಲಮ್ಮ, ನಿನ್ನ ನಂಬ್ಕೊಂಡು ಲೈನ್ ನಡೆಸೋದು ಹೇಗೆ?” ಎಂದು ಹೇಳಿ, ಅಂದೇ ನನ್ನ ಲೆಕ್ಕ ಚುಕ್ತಾ ಮಾಡಿದರು.

ನೀನು ಅವರ ಕುರ್ಚಿಯ ಪಕ್ಕದಲ್ಲೇ ಇದ್ದೆ. ನನ್ನ ಮುಖ ನೋಡದೆ ಗೋಡೆಯ ಫ್ಯಾನ್ ನೋಡುತ್ತಾ ನಿಂತೆ. ನಾನು ಊಟದ ಡಬ್ಬಿ ಎತ್ತಿಕೊಂಡು ಹೊರಡುವಾಗ ನೀನು ಗೇಟಿನವರೆಗೆ ಓಡಿಬಂದು, ಒಳ್ಳೆಯದಕ್ಕೇ ಮಾಡಿದ್ದು ಕಣೇ, ಹೀಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ ಎಂದು ಬಿಕ್ಕಿಬಿಕ್ಕಿ ಅತ್ತೆ. ಕೆಲಸ ಕಳೆದುಕೊಂಡವಳು ನಾನು, ಸಮಾಧಾನ ಹೇಳಿದವಳೂ ನಾನೇ.

ಸೋಮವಾರ ನಾನು ಬರುವುದಿಲ್ಲ. ಮಿಷನ್ನಿನ ಆಸೆ ಇಲ್ಲವೆಂದರೆ ಸುಳ್ಳಾದೀತು, ಬೆಳಿಗ್ಗೆ ಏಳಕ್ಕೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಆದರೆ ನಿಮ್ಮ ಕಾಲರ್‌ಗಾಗಿ ನನ್ನ ಹೊಟ್ಟೆ ಕೊಯ್ಯಿಸಿಕೊಳ್ಳಲಾರೆ. ಮಾತ್ರೆ ಮುಗಿಯಲಿ, ಬೇರೆ ಕಡೆ ಕೆಲಸ ಕೇಳುತ್ತೇನೆ. ಇನ್ನು ಮೇಲೆ ತಂಗಿಯ ಕೈಗೆ ಏನನ್ನೂ ಕೊಡಬೇಡ.

ಇಂತಿ,
ನಿನ್ನ ಗೆಳತಿಯಾಗಿದ್ದವಳು

ತಾ.ಕ.: ಮ್ಯಾನೇಜರು ನಮ್ಮ ದಿನಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ, ಹಾಳೆಯನ್ನು ಕಸಕ್ಕೆ ಎಸೆದಿದ್ದರಂತೆ. ತಂಗಿ ಎತ್ತಿ ತಂದಳು. ಬೀರುವಿನಲ್ಲಿದ್ದಾಗ ಮೊದಲ ಸಾಲು ನಿನ್ನದು, ಎರಡನೆಯದು ನನ್ನದು. ಈಗ ಮೊದಲ ಸಾಲೇ ನನ್ನದು. ಮೇಲಿನ ಅಂಚನ್ನು ಕತ್ತರಿಯಿಂದ, ಒಂದೆಳೆ ಆಚೀಚೆ ಹೋಗದಂತೆ ಕತ್ತರಿಸಲಾಗಿದೆ. ಒಂಬತ್ತು ವರ್ಷ ನೋಡಿದ ಕೈ ಅದು. ನಿನಗೆ ಏನೂ ಗೊತ್ತಿರಲಿಲ್ಲವಾದರೆ, ಹಾಳೆ ಕೊಡುವ ಮೊದಲು ನಿನ್ನ ಸಾಲನ್ನು ಮಾತ್ರ ಯಾಕೆ ಕತ್ತರಿಸಿಕೊಂಡೆ?