ಈರುಳ್ಳಿ ಕಡೆ, ಬೆಳ್ಳುಳ್ಳಿ ಕಡೆ

ಲಿಸ್ಬನ್ನಿನಲ್ಲಿ ದೊಡ್ಡ ಮನುಷ್ಯನಾಗಿ ಕೂತಿರುವ ದುವಾರ್ತೆ ಅಣ್ಣನಿಗೆ,

ಹಳ್ಳಿಯಿಂದ ನಿನ್ನ ತಂಗಿ ಹೇಳಿ ಬರೆಸುತ್ತಿರುವ ಕಾಗದ ಇದು. ಬರೆಯುತ್ತಿರುವವರು ನಮ್ಮ ಪಾದ್ರಿಗಳು. ಬೈಗುಳ ಬಂದಲ್ಲೆಲ್ಲ ಲೇಖನಿ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ಒಂದನ್ನೂ ಬಿಡಬೇಡಿ ಸ್ವಾಮಿ ಎಂದಿದ್ದೇನೆ.

ಕಳೆದ ವಾರ ನನ್ನ ಮಗ ಬ್ರಾಸ್ ನಿನ್ನ ಮನೆಯಿಂದ ಬಂದ. ಮಾರ್ಚಿಗೆ ಹೊರಡುವ ನಿನ್ನ ಹಡಗಿನಲ್ಲಿ ತನಗೂ ಜಾಗ ಸಿಕ್ಕಿದೆ ಎಂದು ಕುಣಿದಾಡಿದ. ಊಟಕ್ಕೆ ಕೂತಾಗ, ನೀನು ಗೆಳೆಯರ ಮುಂದೆ ಹೇಳಿದ ತಮಾಷೆಯನ್ನು ನನಗೂ ಹೇಳಿದ. "ಅಮ್ಮಾ, ಮಾವನ ಹಡಗಲ್ಲಿ ಒಬ್ಬ ರೈತ ಇದ್ನಂತೆ. ಚುಕ್ಕಾಣಿಗೆ ನಿಲ್ಸಿದ್ರೆ ಅವನಿಗೆ ಈರುಳ್ಳಿ ಯಾವ್ದು, ಬೆಳ್ಳುಳ್ಳಿ ಯಾವ್ದು ಅಂತ್ಲೇ ಗೊತ್ತಾಗ್ಲಿಲ್ವಂತೆ. ಹಡಗನ್ನ ನೇರ ಬಂಡೆಗೆ ಹೊಡೆದ್ನಂತೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಥೂ ನಿನ್ನ. ಅಪ್ಪನ ಸಾವನ್ನು ಹೇಳಿ ಮಗನನ್ನೇ ನಗಿಸಿದೆಯಲ್ಲೋ. ನಿನ್ನ ಬಾಯಿಗೆ ಹುಳ ಬೀಳಲಿ.

ನನ್ನ ಗಂಡ ಜೀಲ್ ತಾವಾಗಿ ಬರುತ್ತೇನೆ ಎಂದಿದ್ದರೇ? ನಾವಿಕರೆಲ್ಲ ಕಾಯಿಲೆ ಬಿದ್ದು ಸತ್ತು, ಜನ ಸಿಗದೆ ಹೋದಾಗ ನೀನೇ ನಮ್ಮ ಹೊಲಕ್ಕೆ ಬಂದೆ. ಮೆಣಸಿನ ದೇಶಕ್ಕೆ ಸಮುದ್ರದಲ್ಲೇ ದಾರಿ ಸಿಕ್ಕಿದೆ, ಒಂದು ಸಲ ಹೋಗಿ ಬಂದರೆ ಮಕ್ಕಳ ಕಾಲಕ್ಕೂ ಕೂತು ಉಣ್ಣಬಹುದು ಎಂದು ಅವರ ತಲೆ ಕೆಡಿಸಿದೆ. ಸಮುದ್ರವನ್ನೇ ಕಾಣದ ಮನುಷ್ಯ. ಹಡಗಿನವರು ಎಡಬಲಕ್ಕೆ ಹೇಳುವ ಹೆಸರುಗಳು ತಿಳಿಯದೆ ತಬ್ಬಿಬ್ಬಾದರು. ಆಗ ಒಂದು ಪಕ್ಕಕ್ಕೆ ಈರುಳ್ಳಿ ಗೊಂಚಲು, ಇನ್ನೊಂದು ಪಕ್ಕಕ್ಕೆ ಬೆಳ್ಳುಳ್ಳಿ ಗೊಂಚಲು ಕಟ್ಟಿಸಿ, "ಈಗಾದ್ರೂ ತಿಳೀತಾ ಭಾವ?" ಎಂದವನು ನೀನು. ಅಲ್ಲಿಂದ ಆಫ್ರಿಕದ ತೀರದವರೆಗೆ ಅವರು ಒಮ್ಮೆಯೂ ತಪ್ಪಲಿಲ್ಲ.

ಆಮೇಲೆ ಆದದ್ದನ್ನು, ಬದುಕಿ ಬಂದ ಪಕ್ಕದೂರಿನ ಆಲ್ವರೊ ನನಗೆ ಹೇಳಿದ್ದಾನೆ. ನಿನ್ನ ಊಟಕ್ಕೆಂದು ಎರಡೂ ಗೊಂಚಲು ಇಳಿಸಿದವನು ನೀನು. ತಿಂದು ಉಳಿದದ್ದನ್ನು, ಕುಡಿದ ಅಮಲಿನಲ್ಲಿ, ಅದಲುಬದಲು ಕಟ್ಟಿದವನೂ ನೀನೇ. ಬೆಳಗಾಗುವಾಗ ಬಂಡೆ ಕಂಡು "ಬೆಳ್ಳುಳ್ಳಿ ಕಡೆಗೆ" ಎಂದು ಅರಚಿದೆ. ಅವರು ಬೆಳ್ಳುಳ್ಳಿ ಕಂಡ ಕಡೆಗೇ ತಿರುಗಿಸಿದರು. ಹುಟ್ಟಿದಾಗಿನಿಂದ ಬೆಳ್ಳುಳ್ಳಿ ಬೆಳೆದವರಿಗೆ ಅದರ ಗುರುತೇ ಇಲ್ಲವೆನ್ನಲು ನಿನಗೆ ನಾಚಿಕೆಯಾಗಲಿಲ್ಲವೇ? ನೀನು ದೋಣಿ ಹತ್ತಿ ಪಾರಾದೆ. ಅವರು ಚುಕ್ಕಾಣಿ ಬಿಡದೆ ಮುಳುಗಿದರು. ನಮಗೆ ಮಾತ್ರ, ಜ್ವರ ಬಂದು ಹೋದರು ಎಂದು ಹೇಳಿ ಕಳಿಸಿದೆ.

ಒಡಹುಟ್ಟಿದವನೆಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಅಂದು ಊಟದ ಮುಂದೆಯೇ ಮಗನಿಗೆ ಎಲ್ಲ ಹೇಳಿದೆ. ಬ್ರಾಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ನಾನೂ ನಕ್ಬಿಟ್ನಲ್ಲಮ್ಮಾ. ಅವ್ರ ಜೊತೆ ಕೂತ್ಕೊಂಡು ನಾನೂ ನಕ್ಬಿಟ್ಟೆ" ಎಂದು ಅತ್ತ.

ಈ ಕಾಗದ ನಿನ್ನ ಕೈಗೆ ಕೊಟ್ಟವನು ಅವನೇ. ಹಡಗು ಹತ್ತಲು ಬಂದಿಲ್ಲ. ಗೆಳೆಯರನ್ನೆಲ್ಲ ಕರೆಸು, ಅವನನ್ನು ಎದುರಿಗೆ ಕೂರಿಸಿಕೋ, ಆ ಕಥೆ ಇನ್ನೊಮ್ಮೆ ಹೇಳು. ಈ ಸಲ ಆ ರೈತನ ಹೆಸರನ್ನೂ ಹೇಳು.

ನಿನ್ನ ಹಡಗು ಹತ್ತುವ ಬೇರೆಲ್ಲರನ್ನೂ ದೇವರು ಕಾಪಾಡಲಿ.

ಇಂತಿ,
ಜೀಲ್ ಅವರ ಹೆಂಡತಿ
ಬ್ರಿತೆಸ್