ಕೋವಿಯ ಹಿಡಿಯಿಂದ ಕೊಯ್ದ ಎರಡು ಹೋಳು

ಹೆಮ್ಲಾಕ್ ರನ್, ಪೆನ್ಸಿಲ್ವೇನಿಯಾ
ಭಾನುವಾರ, ೧೯ ಆಗಸ್ಟ್ ೧೯೮೪

ಮಗಳು ಡೋರೀನ್‌ಗೆ,

ನಿನ್ನ ಕಾಗದ ಗುರುವಾರ ಕೈಸೇರಿತು. ನಿನ್ನ ಅಪ್ಪ ತೀರಿಕೊಂಡ ಮೇಲೆ, ಕ್ರಿಸ್ಮಸ್ ಕಾರ್ಡಿನ ಕೆಳಗೆ ಹೆಸರು ಗೀಚಿ ಕಳಿಸಿದ್ದನ್ನು ಬಿಟ್ಟರೆ, ನೀನು ನನಗೆ ಬರೆದ ಮೊದಲ ಕಾಗದ ಇದು. ಅದರಲ್ಲೂ ಅಮ್ಮ ಹೇಗಿದ್ದಾಳೆ ಎಂಬ ಮಾತಿಲ್ಲ, ಬರೀ ಕೋವಿಯ ಮಾತು. ಇರಲಿ, ಕೇಳಬೇಕಾದವರನ್ನೇ ಕೇಳಿದ್ದೀಯ. ನಾನು ಚೆನ್ನಾಗಿದ್ದೇನೆ. ಪ್ರತಿ ಭಾನುವಾರ ನಿನ್ನ ಅಣ್ಣ ವೆಂಡೆಲ್, ಅವನ ಹೆಂಡತಿ, ಮಕ್ಕಳೆಲ್ಲ ಊಟಕ್ಕೆ ಇಲ್ಲಿಗೇ ಬರುತ್ತಾರೆ, ಕುರ್ಚಿ ಸಾಲುವುದಿಲ್ಲ. ಒಂಟಿಯಾಗಿ ಕೂತು ಬರೆಯುತ್ತಿದ್ದಾಳೆ ಎಂದು ಮರುಗಬೇಡ.

ನಿನ್ನ ಮಗಳು ಟ್ಯಾಮಿಗೆ ಹನ್ನೆರಡು ತುಂಬುತ್ತದೆ, ಈ ಸಲ ಎಲೆ ಉದುರುವ ಹೊತ್ತಿಗೆ ಮೊಲ, ಅಳಿಲು ಹೊಡೆಯಲು ಹೋಗಬೇಕಂತೆ. ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯುವ ಆಟವನ್ನೂ ಕಲಿಯಬೇಕಂತೆ. ಅವಳ ಅಪ್ಪ ರಸೆಲ್‌ಗೆ ಕೋವಿಯ ಯಾವ ತುದಿ ಮುಂದೆ ಎಂಬುದೂ ತಿಳಿಯದಂತೆ. ಇದು ನೀನೇ ಬರೆದದ್ದು, ಅಳಿಯನನ್ನು ನಾನು ಆಡಿಕೊಂಡೆ ಎನ್ನಬೇಡ. ಅಂಗಡಿಯವನು ಹಗುರವಾದ ಒಂಟಿನಳಿಗೆಯ, ನಾನೂರ ಹತ್ತು ಎಂಬ ಸಣ್ಣ ಬೋರಿನ ಕೋವಿ ತೋರಿಸಿ, "ಮಕ್ಕಳಿಗೆ ಇದೇ ಸರಿ ಮೇಡಂ, ಆಟದ ಸಾಮಾನಿನ ಥರ ಇದೆ" ಅಂದನಂತೆ.

ಆ ಮನುಷ್ಯ ಒಂದು ದಿನವೂ ಮಗುವಿನ ಪಕ್ಕ ಬಯಲಿನಲ್ಲಿ ನಿಂತವನಲ್ಲ. ನಾನೂರ ಹತ್ತರ ತೋಟಾದಲ್ಲಿ ಚಿಟಿಕೆಯಷ್ಟು ಚರೆಗುಂಡು ಇರುತ್ತದೆ. ಅದರಲ್ಲಿ ಗುರಿ ಮುಟ್ಟಲು ಕೈ ಪಳಗಿರಬೇಕು. ಹೊಸಬಳು ಬಿಲ್ಲೆಯ ಹಿಂದೆ ಬಿಲ್ಲೆ ತಪ್ಪಿಸುತ್ತಾಳೆ, ಆಮೇಲೆ ಕೋವಿ ಕೆಳಗಿಟ್ಟು ಸೋಡಾ ಕುಡಿಯುತ್ತಾ ಕೂರುತ್ತಾಳೆ. ಜೊತೆಗೆ, ಕೋವಿ ಹಗುರವಾದಷ್ಟೂ ಹೆಗಲಿಗೆ ಒದೆತ ಜೋರು. ಒಂಟಿನಳಿಗೆಯಲ್ಲಿ ತೋಟಾಕ್ಕೆ ಬಡಿಯುವ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಬೇಕು. ನವೆಂಬರಿನ ಚಳಿಗೆ ಮರಗಟ್ಟಿದ ಪುಟ್ಟ ಬೆರಳಿನಿಂದ ಅದು ಜಾರಿದರೆ ಏನಾದೀತು, ಯೋಚಿಸು.

ಹನ್ನೆರಡು ಬೋರ್ ಬೇಡ, ಅಷ್ಟು ದಪ್ಪ ನಳಿಗೆ ಅವಳಿಗೆ ಹೊರೆ. ಅದಕ್ಕಿಂತ ಸಣ್ಣ ನಳಿಗೆಯ ಇಪ್ಪತ್ತು ಬೋರ್ ತೆಗೆದುಕೋ. ಜೋಡುನಳಿಗೆ, ನಡು ಮುರಿದು ತೆರೆಯುವಂಥದು. ತೆರೆದು ತೋಳಿನ ಮೇಲೆ ಹಾಕಿಕೊಂಡಿದ್ದರೆ ಒಳಗೆ ತೋಟಾ ಇಲ್ಲವೆಂದು ಬಯಲಿನ ಆಚೆ ಕೊನೆಯವರಿಗೂ ಕಾಣುತ್ತದೆ. ಒಂದು ನಳಿಗೆಯ ಬಾಯಿ ಅಗಲವಾಗಿರಲಿ, ಹತ್ತಿರದಿಂದ ಎದ್ದೋಡುವ ಮೊಲಕ್ಕೆ. ಇನ್ನೊಂದು ತುಸು ಬಿಗಿಯಾಗಿರಲಿ, ದೂರ ಹಾರಿಹೋಗುವ ಬಿಲ್ಲೆಗೆ. ಹಿಡಿಯ ಮೇಲಿನ ಕೆತ್ತನೆ, ಬೆಳ್ಳಿಯ ಬಾತುಕೋಳಿ ನೋಡಿ ಮರುಳಾಗಬೇಡ. ಬಾತುಕೋಳಿ ಗುರಿ ಇಡುವುದಿಲ್ಲ.

ಇಷ್ಟನ್ನು ಯಾವ ಅಂಗಡಿಯವನಾದರೂ ಹೇಳಿಯಾನು. ಮುಖ್ಯವಾದದ್ದು ಹೆಗಲಿಗೆ ಆನಿಸುವ ಮರದ ಹಿಡಿಯ ಉದ್ದ. ಅದರಲ್ಲೇ ನಮ್ಮ ಕಡೆಯವರು ತಪ್ಪುವುದು. ಕೋಟು ಕೊಂಡ ಹಾಗೆ ಕೋವಿ ಕೊಳ್ಳುತ್ತಾರೆ. "ಈಗ ಸ್ವಲ್ಪ ದೊಡ್ಡದಾದ್ರೂ ಇರ್ಲಿ, ಬೆಳೆಯೋ ಮಗು, ಮುಂದಿನ ವರ್ಷಕ್ಕೆ ಸರಿಹೋಗತ್ತೆ" ಎಂದು ವೆಂಡೆಲ್‌ಗೆ ನಿನ್ನ ಅಜ್ಜ ಕೊಡಿಸಿದ್ದು ಹಾಗೆಯೇ. ಹಿಡಿ ಹೆಗಲಿಗೆ ಕೂರದೆ ಅವನು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಒದೆತಕ್ಕೆ ತೋಳೆಲ್ಲ ನೀಲಿಗಟ್ಟಿತು. ಆಮೇಲೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವ ಅಭ್ಯಾಸ ಹತ್ತಿತು. ದೊಡ್ಡವನಾಗಿ, ಮೀಸೆ ಬಂದ ಮೇಲೂ ಅದು ಪೂರ್ತಿ ಬಿಡಲಿಲ್ಲ.

ಅದಕ್ಕೇ ನಿನ್ನ ಸರದಿ ಬಂದಾಗ ನಿನ್ನ ಅಪ್ಪ ಗರಗಸ ತಂದರು. ನಿನಗೆ ನೆನಪಿದೆಯೋ ಇಲ್ಲವೋ. ಅಡುಗೆಮನೆಯ ಮೇಜಿನ ಮೇಲೆ ಸೇಬು ಹೆಚ್ಚಿ ಹರಡಿದ್ದೆ, ಎಲ್ಲವನ್ನೂ ಒತ್ತಿ ಬದಿಗೆ ಸರಿಸಿದರು. ಮೊದಲು ನಿನ್ನ ಕಣ್ಣು ನೋಡಿದರು. ಎರಡೂ ಕಣ್ಣು ತೆರೆದು ಗೋಡೆ ಗಡಿಯಾರಕ್ಕೆ ಬೆರಳು ತೋರಿಸು ಎಂದರು, ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿದರು. ಎಡಗಣ್ಣು ಮುಚ್ಚಿದಾಗ ಬೆರಳು ಗಡಿಯಾರದಿಂದ ಆಚೆ ಹಾರಿತು. "ಇವಳು ಬಲಗೈಲಿ ಬರೀತಾಳೆ, ಎಡಗಣ್ಣಲ್ಲಿ ನೋಡ್ತಾಳೆ. ಎಡ ಹೆಗಲಿಗೇ ಕೊಡೋಣ" ಎಂದರು. ನಿನ್ನ ಮೈಮೇಲೆ ಉಣ್ಣೆಯ ಕೆಂಪು ಚೌಕಳಿ ಕೋಟು ಹಾಕಿಸಿದರು. ಒಲೆ ಉರಿಯುತ್ತಿತ್ತು, ನೀನು ಬೆವರುತ್ತಿದ್ದೆ. "ಅಪ್ಪಾ, ಸೆಕೆ!" ಎಂದು ಗೊಣಗಿದೆ. "ಕಾಡಿಗೆ ಬರೀ ಅಂಗಿ ಹಾಕ್ಕೊಂಡು ಹೋಗ್ತೀಯಾ? ನಿಂತ್ಕೋ ಸುಮ್ನೆ" ಎಂದರು. ನಿನ್ನ ಮೊಣಕೈ ಮಡಿಸಿ, ಹಿಡಿಯನ್ನು ಆ ಮಡಿಕೆಗೆ ಕೂರಿಸಿ, ಬೆರಳು ಟ್ರಿಗರ್ ಮುಟ್ಟುವಲ್ಲಿಗೆ ಲೆಕ್ಕ ಹಾಕಿ ಹಿಡಿಯ ಮೇಲೆ ಪೆನ್ಸಿಲ್ ಗೆರೆ ಎಳೆದರು.

ನನಗೆ ತಡೆಯಲಾಗಲಿಲ್ಲ. "ಹೊಸ ಕೋವಿ ಕಣ್ರೀ ಅದು, ಬೇಲಿ ಗೂಟ ಅಲ್ಲ!" ಎಂದೆ.

"ಮರ ಬೆಳೆಯಲ್ಲ ವೆರ್ನಾ, ಹುಡುಗಿ ಬೆಳೀತಾಳೆ. ಹೋಳು ಎಸೀಬೇಡ, ಎತ್ತಿಡು" ಎಂದು ಕೊಯ್ದೇ ಬಿಟ್ಟರು. ಅಕ್ರೋಟಿನ ಮರದ ಎರಡು ಹೋಳು, ಬ್ರೆಡ್ಡಿನ ಚೂರುಗಳ ಹಾಗೆ. ಚಮಚದ ಖಾನೆಯಲ್ಲಿಟ್ಟೆ. ನೀನು ಉದ್ದವಾದಾಗ ಒಂದನ್ನು ತಿರುಪು ಹಾಕಿ ಮತ್ತೆ ಕೂರಿಸಿದರು, ಹೈಸ್ಕೂಲು ಸೇರಿದಾಗ ಇನ್ನೊಂದನ್ನು. ಹಿಡಿಯ ಮೇಲೆ ಎರಡು ಗೆರೆ ಉಳಿದವು. ಅದನ್ನು ನೀನು ಹೊಲಿಗೆ ಎನ್ನುತ್ತಿದ್ದೆ.

ಅಗ್ನಿಶಾಮಕದವರ ಬಯಲಿನಲ್ಲಿ, ಗುರಿ ಹೊಡೆದು ಗೆದ್ದವರಿಗೆ ಹಂದಿ ತೊಡೆಯ ಹ್ಯಾಮ್ ಕೊಡುವ ಪಂದ್ಯಕ್ಕೆ ಆ ಮೋಟು ಕೋವಿ ಹೊತ್ತು ಹೋದೆವಲ್ಲ, ಮುದುಕ ಆರಿನ್ ನಿನ್ನನ್ನು ನೋಡಿ, "ಏನಮ್ಮಾ, ಅರ್ಧ ಕೋವಿ ತಂದಿದೀಯ? ಉಳಿದರ್ಧ ಅಡುಗೆಮನೇಲಿ ಮರೆತ್ಯಾ?" ಎಂದಿದ್ದ. "ಅರ್ಧ ಸಾಕು ಮಾಮಾ, ಹ್ಯಾಮ್ ಮಾತ್ರ ಪೂರ್ತಿ ಒಯ್ತೀನಿ" ಎಂದೆ ನೀನು. ಒಯ್ದೆ. ದೊಡ್ಡವರೆದುರು ಹಾಗೆ ಮಾತಾಡಿದ್ದಕ್ಕೆ ದಾರಿಯಲ್ಲಿ ನಾನು ನಿನ್ನನ್ನು ಬೈದೆ. ಹ್ಯಾಮ್ ಚೆನ್ನಾಗಿತ್ತು.

ಇಷ್ಟು ಬರೆದ ಮೇಲೆ ಇನ್ನೊಂದು ಕೋವಿಯ ಮಾತನ್ನೂ ಆಡಿಬಿಡುತ್ತೇನೆ. ಅಪ್ಪನನ್ನು ಮಣ್ಣು ಮಾಡಿದ ವಾರವೇ ಅವರ ಹನ್ನೆರಡು ಬೋರನ್ನು ವೆಂಡೆಲ್‌ಗೆ ಕೊಟ್ಟೆನೆಂದು ನೀನು ಮೆಟ್ಟಿಲ ಮೇಲೆ ನಿಂತು, "ಅವನು ಗಂಡು ಅಂತ ತಾನೇ ಕೊಟ್ಟೆ? ಹಾಗಿದ್ರೆ ನನ್ನದೂ ನೀನೇ ಇಟ್ಕೋ" ಎಂದು ಕೂಗಿ, ಇಪ್ಪತ್ತು ಬೋರನ್ನೂ ಬಿಟ್ಟು ಕಾರು ಹತ್ತಿದೆ. ಅಕ್ಕಪಕ್ಕದವರು ಕೇಳುವಂತೆ ಕೂಗುವವರಿಗೆ ನಾನು ಉತ್ತರ ಕೊಡುವವಳಲ್ಲ. ಈಗ ನೀನು ಮರ್ಯಾದೆಯಾಗಿ ಕಾಗದ ಬರೆದು ಕೇಳಿದ್ದೀಯ, ಹೇಳುತ್ತೇನೆ.

ಅದು ನಿನ್ನ ಅಪ್ಪನದೇ ನಿರ್ಧಾರ. ಹಾಸಿಗೆ ಹಿಡಿದಿದ್ದಾಗ ನನ್ನನ್ನು ಕರೆದು ಹೇಳಿದರು: "ಅದನ್ನ ವೆಂಡೆಲ್‌ಗೆ ಕೊಡು. ಅವನದು ನನ್ನ ಹಾಗೇ ಉದ್ದ ತೋಳು. ಡೋರೀನ್‌ಗೆ ಕೊಟ್ರೆ ಅಪ್ಪನ ನೆನಪು ಅಂತ ಅದರಲ್ಲೇ ಹೊಡೀತಾ ಕೂರ್ತಾಳೆ, ಹೆಗಲೂ ಕೆಡಿಸ್ಕೊಳ್ತಾಳೆ, ಕಣ್ಣೂ ಕೆಡಿಸ್ಕೊಳ್ತಾಳೆ. ಈ ಮನೇಲಿ ನೆಟ್ಟಗೆ ಹೊಡಿಯೋದು ಅವಳೊಬ್ಬಳೇ ಕಣೇ, ಅದನ್ನ ಹಾಳು ಮಾಡ್ಬೇಡ." ಇಷ್ಟೇ. ವೆಂಡೆಲ್‌ಗೆ ಕೊನೆಯ ವಾಕ್ಯ ಹೇಳಿಲ್ಲ, ನೀನೂ ಹೇಳಬೇಡ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹಿಡಿ ಎಲ್ಲಿಗೆ ಕೊಯ್ಯಬೇಕು ಎಂದು ಕಾಗದದಲ್ಲಿ ಬರೆಯಲು ಬರುವುದಿಲ್ಲ. ಮಗು ಎದುರಿಗೆ ನಿಲ್ಲಬೇಕು. ಯಾವ ಕಣ್ಣಿನವಳು ಎಂದು ನೋಡಬೇಕು. ನಿನ್ನ ಹಾಗೆ ಎಡಗಣ್ಣಿನವಳಾಗಿದ್ದರೆ ಅಂಗಡಿಯವನಿಗೆ ಹೊಳೆಯುವುದೂ ಇಲ್ಲ. ನಮ್ಮ ಗಡಿಯಾರ ಇದ್ದಲ್ಲೇ ಇದೆ. ಬಂದರೆ ದಪ್ಪ ಕೋಟು ತನ್ನಿ. ಮೊಲದ ಕಾಲವಲ್ಲದ್ದರಿಂದ ಕೋಳಿ ಸಾರಿಗೇ ಹಿಟ್ಟಿನ ಉಂಡೆ ಹಾಕುತ್ತೇನೆ, ರಸೆಲ್‌ಗೆ ಅದು ಸೇರುತ್ತಿತ್ತು. ಬಾ ಎಂದು ನಾನು ಕರೆಯುತ್ತಿಲ್ಲ. ಅಳತೆಯ ವಿಷಯ ಹೇಳಿದೆ, ಅಷ್ಟೇ.

ನಿನ್ನ ಹಳೆಯ ಇಪ್ಪತ್ತು ಬೋರ್ ಏನಾಯಿತೆಂದು ಕೇಳಿದ್ದೀಯ. ಮೇಲಿನ ಕೋಣೆಯಲ್ಲಿ ಎಲ್ಲೋ ಇರಬೇಕು. ನಾನು ನೋಡಿಲ್ಲ.

ನಿನ್ನ ಅಮ್ಮ,
ವೆರ್ನಾ ಕುನ್ಸೆಲ್ಮನ್

ಮರೆತಿದ್ದು: ಆ ಕೊನೆಯ ಸಾಲನ್ನು ಹೊಡೆದುಹಾಕಬೇಕು, ಆದರೆ ಇಷ್ಟು ಚೊಕ್ಕವಾಗಿ ಬರೆದ ಹಾಳೆಯನ್ನು ಕೆಡಿಸಲು ಮನಸ್ಸಿಲ್ಲ. ಕೋವಿಗೆ ನಾನು ಪ್ರತಿ ವರ್ಷ ಎಣ್ಣೆ ಹಾಕುತ್ತಾ ಬಂದಿದ್ದೇನೆ. ನಿನ್ನ ಕಾಗದ ಓದಿದ ಸಂಜೆಯೇ ಕೆಳಗಿಳಿಸಿ, ವೆಂಡೆಲ್‌ನನ್ನು ಕರೆಸಿ, ಎರಡೂ ಹೋಳು ಬಿಚ್ಚಿಸಿದೆ. ಈಗ ಅದು ನೀನು ಮೊದಲ ದಿನ ಹಿಡಿದಷ್ಟೇ ಗಿಡ್ಡ. ಈ ಮನೆಯಲ್ಲಿ ಯಾರ ಹೆಗಲಿಗೂ ಆಗುವುದಿಲ್ಲ. ಹೋಳುಗಳು ಚಮಚದ ಖಾನೆಯಲ್ಲಿವೆ. ಟ್ಯಾಮಿ ಬೆಳೆದಾಗ ಒಂದನ್ನು ಕೂರಿಸಲು ಒಮ್ಮೆ ಬರಬೇಕಾಗುತ್ತದೆ, ಇನ್ನೊಂದಕ್ಕೆ ಇನ್ನೊಮ್ಮೆ. ಅಂಚೆಯಲ್ಲಿ ಕಳಿಸುವುದಿಲ್ಲ.