ಒಂದಿಂಚು ಕಡಿಮೆ ಬರೆಯುವ ಕೈ

ಗುರುವಾರ, ಮಧ್ಯಾಹ್ನ
ನಿನ್ನ ವಾರ್ಡಿನ ಹೊರಗಿನ ಬೆಂಚು

ನನ್ನ ಗುಬ್ಬಿ,

ಗೋಡೆಯಾಚೆ ಮಲಗಿರುವ ಮಗಳಿಗೆ ಪತ್ರ ಬರೆಯುತ್ತಿರುವುದನ್ನು ಕಂಡು ನರ್ಸಮ್ಮ ನಗುತ್ತಿದ್ದಾರೆ. ನಗಲಿ. ನಿನ್ನ ಮುಖ ನೋಡಿಕೊಂಡು ಇದನ್ನು ಹೇಳುವುದು ನನ್ನ ಕೈಲಾಗುವುದಿಲ್ಲ.

ಬೆಳಿಗ್ಗೆ ನೀನು, ತಪ್ಪಾಯ್ತಮ್ಮ, ಕಾಲೇಜಲ್ಲಿ ಕದ್ದುಮುಚ್ಚಿ ಬಿಸ್ಕತ್ತು ತಿಂತಿದ್ದೆ, ಅದಕ್ಕೇ ಶುಗರ್ ಬಂತು ಅಂದೆ. ನಾನು ನಿನ್ನ ತಲೆ ಸವರಿದೆ. ಹತ್ತೊಂಬತ್ತರ ಹುಡುಗಿ ಎರಡು ಬಿಸ್ಕತ್ತಿಗೆ ಪ್ರಜ್ಞೆ ತಪ್ಪಿ ಬೀಳುವುದಿಲ್ಲ ಮಗಳೇ. ಕಸಿ ಮಾಡಿದ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲೆಂದು ನಿನಗೆ ಕೊಡುತ್ತಿರುವ ಮಾತ್ರೆಗಳಿಂದಲೇ ಕೆಲವರಿಗೆ, ಚಿಕ್ಕ ವಯಸ್ಸಿನವರಿಗೂ, ಸಕ್ಕರೆ ಕಾಯಿಲೆ ಬರುತ್ತದೆ. ಡಾಕ್ಟರು ನನಗೆ ಮೊದಲೇ ಹೇಳಿದ್ದರು. ದಿನಾ ಬೆರಳು ಚುಚ್ಚಿ ನೋಡಿ ಪುಸ್ತಕದಲ್ಲಿ ಬರೆಯಿರಿ, ಸೋಮವಾರ ಅದರ ಫೋಟೋ ಕಳಿಸಿ ಎಂದದ್ದು ಅದಕ್ಕೇ.

ರಕ್ತ ಕಂಡರಾಗದೆ ನೀನು ಮುಖ ತಿರುಗಿಸುತ್ತಿದ್ದೆ. ಬರೆದವಳು ನಾನು. ಐದು ವಾರದ ಹಿಂದೆ ಮೀಟರು ಇನ್ನೂರ ಹನ್ನೆರಡು ತೋರಿಸಿತು. ನಾನು ನೂರ ಹನ್ನೆರಡು ಎಂದು ಬರೆದೆ. ಡಾಕ್ಟರಿಗೆ ಗೊತ್ತಾದರೆ ಮಾತ್ರೆ ಕಡಿಮೆ ಮಾಡುತ್ತಾರೆ, ಕಿಡ್ನಿ ಕೈಕೊಡುತ್ತದೆ ಎಂದು ಹೆದರಿದೆ. ಗಿರಾಕಿ ಬೇಜಾರಾಗಬಾರದೆಂದು ಸೊಂಟದ ಅಳತೆಯನ್ನು ಅವರೆದುರು ಒಂದಿಂಚು ಕಡಿಮೆ ಬರೆದು, ಬಟ್ಟೆಯನ್ನು ಮಾತ್ರ ಸರಿಯಾಗಿ ಕತ್ತರಿಸುವ ಟೈಲರಮ್ಮ ನಾನು. ಇಲ್ಲೂ ಹಾಗೇ ಒಳಗೊಳಗೇ ಸರಿಮಾಡುತ್ತೇನೆಂದುಕೊಂಡೆ. ನಿನ್ನ ತಟ್ಟೆಗೆ ಕಡಿಮೆ ಬಡಿಸಿದೆ, ಸಂಜೆ ನಡೆಸಿದೆ. ಮರುದಿನ ಇನ್ನೂ ಜಾಸ್ತಿ ಬಂತು. ಮತ್ತೆ ನೂರರ ಮೇಲೆ ಸ್ವಲ್ಪ ಬರೆದೆ. ನೀನು ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದೆ, ಸೆಕೆ ಕಣೇ ಅಂದೆ ನಾನು. ಸುಸ್ತು ಅಂದರೆ ಸೋಮಾರಿ ಎಂದು ಬೈದೆ.

ಒಂದು ಗಂಟೆಯ ಹಿಂದೆ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ನಿಜವಾದ ಸಂಖ್ಯೆಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡರು. ಆವತ್ತೇ ಗೊತ್ತಾಗಿದ್ದರೆ ಮಾತ್ರೆ ಹೊಂದಿಸಿ ಇನ್ಸುಲಿನ್ ಶುರು ಮಾಡ್ತಿದ್ವಿ, ಹುಡುಗಿ ಬೀಳ್ತಿರಲಿಲ್ಲ ಅಂದರು. ಕಿಡ್ನಿಗೆ ಪೆಟ್ಟಾಗಿದೆಯೋ ಇಲ್ಲವೋ ನಾಳೆಯ ಪರೀಕ್ಷೆಯಲ್ಲಿ ತಿಳಿಯುತ್ತದಂತೆ.

ನೀನು ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ. ಇನ್ನು ಪುಸ್ತಕ ನಿನ್ನ ಕೈಯಲ್ಲೇ ಇರಲಿ, ನಾನು ಕೇಳಿದರೂ ಕೊಡಬೇಡ. ನಿನ್ನ ಮೇಲಿನ ಪ್ರೀತಿಗೆ ಹೀಗೆ ಮಾಡಿದೆ, ಅಷ್ಟು ನಂಬು.

ಒಳಗೆ ಬರಲು ನಿನ್ನ ಕರೆಗೆ ಕಾಯುತ್ತಿರುವ,
ಅಮ್ಮ

ತಾ.ಕ.: ಪ್ರೀತಿಯೊಂದೇ ಅಲ್ಲ. ಅದು ನಾನು ಕೊಟ್ಟ ಕಿಡ್ನಿ. ಅಂಗಡಿಗೆ ಬಂದವರೆಲ್ಲ ಎಂಥ ತಾಯಿ ಎಂದು ಕೈಮುಗಿಯುತ್ತಿದ್ದರು. ಕೊಟ್ಟದ್ದು ದಂಡವಾಯಿತೆಂದು ಅವರ ಬಾಯಲ್ಲಿ ಬರಬಾರದಿತ್ತು. ಆವತ್ತು ಮೀಟರು ನೋಡಿದಾಗ ಮೊದಲು ಕಣ್ಣಮುಂದೆ ಬಂದದ್ದು ಅವರ ಮುಖಗಳು. ನಿನ್ನದು ಆಮೇಲೆ ಬಂತು.